ಉಣ್ಣುವ ಕೈ

ಮೈದಾ ಹಿಟ್ಟಿನ ಅಂಟು ಕುದಿಸುವಾಗ ಅದಕ್ಕೊಂದು ಚಿಟಿಕೆ ಮೈಲುತುತ್ತ ಹಾಕಬೇಕು. ಹಾಕದಿದ್ದರೆ ವಾರದೊಳಗೆ ಜಿರಲೆಗಳು ಬಂದು, ನಾವು ಕಣ್ಣು ಕೆಂಪಗೆ ಮಾಡಿಕೊಂಡು ಬಿಡಿಸಿದ ಚಿತ್ರಪಟಗಳನ್ನೆಲ್ಲ ಸೊಗಸಾಗಿ ತಿಂದು ಮುಗಿಸುತ್ತವೆ. ಆ ಅಂಟಿಗೆ ಒಂದು ವಾಸನೆ ಇದೆ. ಅರ್ಧ ಅಡುಗೆ ಮನೆಯದು, ಅರ್ಧ ದವಾಖಾನೆಯದು. ಎಂಬತ್ತರ ದಶಕದ ನಡುವೆ ಒಂದು ಬೇಸಿಗೆಯಲ್ಲಿ, ನೌಕರಿಗೆ ಸೇರಿ ಏಳೆಂಟು ವರ್ಷವಾದ ಮೇಲೆ, ಗದಗಿನ ತರಬೇತಿ ಕಾಲೇಜಿನ ಹಜಾರದಲ್ಲಿ ಕೂತಿದ್ದಾಗ ಅದೇ ವಾಸನೆ ಪಕ್ಕದ ಕೋಣೆಯಿಂದ ತೇಲಿ ಬಂತು. ಹೊಸ ಹುಡುಗಿಯರು ಅಲ್ಲಿ ಪಟ ಅಂಟಿಸುತ್ತಿದ್ದರು. ನಾನು ಟಿ.ಸಿ.ಎಚ್. ಓದಿದ್ದೂ ಅಲ್ಲಿಯೇ.

ನಮ್ಮನ್ನು ಅಲ್ಲಿಗೆ ಕರೆಸಿದ್ದು ಹತ್ತು ದಿನದ ಮರುತರಬೇತಿಗೆ. ಕೊನೆಯ ದಿನ ಎಲ್ಲರ ಕೈಗೂ ಒಂದೊಂದು ಹಾಳೆ ಕೊಟ್ಟರು. ಮೇಲೆ ಒಂದೇ ಪ್ರಶ್ನೆ: ಮುಂದೆ ಬರಲಿರುವ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಯಾವ ತರಬೇತಿ ಅಗತ್ಯವೆಂದು ನೀವು ಭಾವಿಸುತ್ತೀರಿ? ಕೆಳಗೆ ಐದು ಖಾಲಿ ಗೆರೆ. ಉಳಿದವರು ಸರಸರ ಬರೆದರು. ಗಣಿತದ ಉಪಕರಣ, ವಿಜ್ಞಾನದ ಪ್ರಯೋಗ, ಅಭಿನಯ ಗೀತೆ. ಕೆಲವರು ಪಕ್ಕದವರದನ್ನು ನೋಡಿ ಬರೆದರು. ಮಾಸ್ತರರು ಕಾಪಿ ಹೊಡೆಯುವಾಗ ಹುಡುಗರಿಗಿಂತ ಕಡೆ. ನನ್ನ ಪೆನ್ನು ಮಾತ್ರ ಏಳಲಿಲ್ಲ. ಆ ವಾಸನೆ ನನ್ನನ್ನು ಹಿಡಿದು ಹಿಂದಕ್ಕೆ ಎಳೆದೊಯ್ದಿತ್ತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಲಕ್ಷ್ಮೇಶ್ವರದಲ್ಲಿ ನನ್ನ ಅಪ್ಪ ಗುಡಿಯ ಪೂಜೆ ಮಾಡಿಕೊಂಡಿದ್ದರು. ನನ್ನ ಬೆನ್ನಿಗೆ ಮೂವರು ತಂಗಿಯರು. ಟ್ರೇನಿಂಗ್ ಪಾಸಾದರೆ ನೌಕರಿ ಗಟ್ಟಿ ಎನ್ನುವ ಕಾಲವಾದ್ದರಿಂದ ಮನೆಯ ಎಲ್ಲರ ಕಣ್ಣೂ ನನ್ನ ಮೇಲೆಯೇ. "ನೀ ಒಬ್ಬಾಕಿ ದಂಡಿಗೆ ಹತ್ತಿದ್ರ ಉಳಿದವರನ್ನ ಕೈ ಹಿಡಿದು ಎಳೀಬಹುದು" ಎಂದು ಅವ್ವ ಹೇಳಿ ಕಳಿಸಿದ್ದಳು. ಬೆಟಗೇರಿಯಲ್ಲಿ ಒಂದು ಕೋಣೆ ಹಿಡಿದು, ಶಿರಹಟ್ಟಿಯ ವಿಮಲಾ ಎಂಬ ಗೆಳತಿಯ ಜೊತೆ ಇದ್ದೆ. ವಿಮಲಾ ನಗುಮೊಗದವಳು, ಎಲ್ಲಕ್ಕೂ ಒಂದು ಉಪಾಯ ಇಟ್ಟುಕೊಂಡವಳು.

ಕಾಲೇಜಿನಲ್ಲಿ ನಮಗೆ ಬಹಳ ಕಲಿಸಿದರು, ನಾನು ಸುಳ್ಳು ಹೇಳಬಾರದು. ಹಲಗೆಯ ಮೇಲೆ ಬರೆಯುವಾಗ ಮಕ್ಕಳಿಗೆ ಬೆನ್ನು ತೋರಿಸಬಾರದು. ಸುಣ್ಣದ ಕಡ್ಡಿ ಕಿರುಗುಟ್ಟಬಾರದು. ತಿಳಿದುದರಿಂದ ತಿಳಿಯದುದರ ಕಡೆಗೆ ಹೋಗಬೇಕು. ಪ್ರತಿ ಪಾಠಕ್ಕೂ ಪಾಠಯೋಜನೆ ಬರೆಯಬೇಕು. ಅದರಲ್ಲಿ ಒಂದು ಖಾನೆ ಪ್ರಶ್ನೆಗೆ, ಪಕ್ಕದ ಖಾನೆ 'ನಿರೀಕ್ಷಿತ ಉತ್ತರ'ಕ್ಕೆ. ಮಗು ನಿರೀಕ್ಷಿಸದ ಉತ್ತರ ಕೊಟ್ಟರೆ ಏನು ಮಾಡಬೇಕು ಎಂಬುದಕ್ಕೆ ಖಾನೆಯೇ ಇರಲಿಲ್ಲ. ನಾವು ಯಾರೂ ಅದನ್ನು ಕೇಳಲೂ ಇಲ್ಲ.

ಸಂಕ್ರಾಂತಿ ಮುಗಿದ ಮೇಲೆ ಮೂರು ವಾರ ಹಳ್ಳಿಯ ಶಾಲೆಯಲ್ಲಿ ಪಾಠ ಮಾಡಲು ಕಳಿಸಿದರು. ಕೊನೆಯ ದಿನ ಸಾಹೇಬರೊಬ್ಬರು ಬಂದು ಪರೀಕ್ಷಾ ಪಾಠ ನೋಡಿ ನೂರಕ್ಕೆ ಇಷ್ಟೆಂದು ಗುಣ ಹಾಕುತ್ತಾರೆ. ಅದರಲ್ಲಿ ಬಿದ್ದರೆ ವರ್ಷವೇ ಬಿದ್ದ ಹಾಗೆ. ನನಗೂ ವಿಮಲಾಗೂ ಸಿಕ್ಕಿದ್ದು ಒಂದೇ ಊರು. ಊರಿನ ಹೆಸರು ಬೇಡ. ಸೊರಟೂರಿನ ಬಸ್ಸಿಳಿದು ಎರೆಹೊಲಗಳ ನಡುವೆ ನಡೆದು ಹೋಗುವಷ್ಟು ದೂರ. ಹತ್ತಿ ಬಿಡಿಸುವ ಕಾಲ. ಬೆಳಗಿನ ಚಳಿಗಾಳಿಗೆ ಹತ್ತಿಯ ಎಳೆಗಳು ಹಾರಿ ಬಂದು ನಮ್ಮ ಸೀರೆಗೆ, ಜಾಲಿ ಮುಳ್ಳಿಗೆ, ಶಾಲೆಯ ಕಿಟಕಿಯ ಸರಳಿಗೆ ಅಂಟಿಕೊಳ್ಳುತ್ತಿದ್ದವು. ಅರ್ಧ ಹುಡುಗರು ಹೊಲದಲ್ಲಿ, ಅರ್ಧ ಶಾಲೆಯಲ್ಲಿ.

ನನಗೆ ಕೊಟ್ಟದ್ದು ನಾಲ್ಕನೆಯ ಇಯತ್ತೆಯ ತರಗತಿ. ಅಲ್ಲಿ ಕೈ ಎತ್ತುವ ರೂಢಿಯೇ ಇರಲಿಲ್ಲ. ಉತ್ತರ ಬಂದವರು ದಡಕ್ಕನೆ ಎದ್ದು ನಿಂತು ಕೂಗುತ್ತಿದ್ದರು. ಎಲ್ಲರಿಗಿಂತ ಮೊದಲು ಏಳುತ್ತಿದ್ದವಳು ಮಾಬೂಬಿ. ಪಿಂಜಾರ ಇಮಾಮಸಾಬನ ಮಗಳು. ಹತ್ತು ವರ್ಷದವಳು, ಕಡ್ಡಿಯಂಥ ಹುಡುಗಿ, ಜಡೆಯಲ್ಲಿ ಯಾವಾಗಲೂ ಒಂದಿಷ್ಟು ಹತ್ತಿ. ತಾಯಿ ಇರಲಿಲ್ಲ, ಅಜ್ಜಿ ಸಾಕುತ್ತಿದ್ದಳು. ಬಾಯಿಲೆಕ್ಕದಲ್ಲಿ ಅವಳನ್ನು ಮುಟ್ಟುವವರಿರಲಿಲ್ಲ. ಆದರೆ ಪಾಟಿಯ ಮೇಲೆ ಬರೆಯಲು ಕೂತರೆ ಬಲಗೈ ನಡುಗುತ್ತಿತ್ತು, ಅಕ್ಷರ ಸೊಟ್ಟ ಬೀಳುತ್ತಿದ್ದವು. "ಬಾಯಿ ಜೋರು, ಕೈ ಮೆತ್ತಗ" ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಅವಳು ತಲೆ ತಗ್ಗಿಸಿ ನಗುತ್ತಿದ್ದಳು. ಕೈ ಯಾಕೆ ಮೆತ್ತಗೆ ಎಂದು ನಾನು ಕೇಳಲಿಲ್ಲ.

ಮಧ್ಯಾಹ್ನ ಶಾಲೆಯಲ್ಲಿ ಗೋಧಿ ರವೆಯ ಉಪ್ಪಿಟ್ಟು ಕೊಡುತ್ತಿದ್ದರು. ಮಕ್ಕಳು ಬೇವಿನ ಮರದ ಕೆಳಗೆ ಸಾಲಾಗಿ ಕೂತು ಉಣ್ಣುತ್ತಿದ್ದರು. ನಾವಿಬ್ಬರು ಆಫೀಸು ಕೋಣೆಯಲ್ಲಿ ಬಾಗಿಲು ಮುಂದೆ ಮಾಡಿ ನಮ್ಮ ಬುತ್ತಿ ಬಿಚ್ಚುತ್ತಿದ್ದೆವು. ಮೂರು ವಾರದಲ್ಲಿ ಒಂದು ದಿನವೂ ನಾನು ಆ ಮರದ ಕೆಳಗೆ ಹೋಗಿ ನಿಲ್ಲಲಿಲ್ಲ. ಪಾಠಯೋಜನೆ ಬರೆಯುವುದಿದೆ ಎನ್ನುವುದು ನೆಪ. ನಾನು ಮಡಿಯ ಮನೆಯಿಂದ ಬಂದವಳು, ಖರೆ ಮಾತು ಅದು.

ಎರಡನೆಯ ವಾರ ಹೆಡ್ ಮಾಸ್ತರರು ಹಾಜರಿ ಪುಸ್ತಕ ತಿರುವುತ್ತ, "ಈ ಪಿಂಜಾರ ಹುಡುಗಿ ಮುಂದಿನ ವರ್ಷ ಬರೂದಿಲ್ಲ ಬಿಡ್ರಿ. ನಾಲ್ಕನೆತ್ತ ಮುಗದ ಕೂಡ್ಲೇ ಮುಂಡರಗಿಗೆ ಕಳಸ್ತಾರಂತ. ಅಲ್ಲಿ ಆಕಿ ಅತ್ತಿ, ಇಮಾಮಸಾಬನ ತಂಗಿ, ಹಡದಾಳ, ಕೂಸು ಹಿಡ್ಯಾಕ ಯಾರೂ ಇಲ್ಲಂತ" ಎಂದರು. ನನಗೆ ಆಗಿನ್ನೂ ಹತ್ತೊಂಬತ್ತು ವರ್ಷ. ಲೋಕ ತಿದ್ದುವ ಉಮೇದಿ ಬಹಳ. ಅದೇ ಸಂಜೆ ಅವರ ಮನೆಗೆ ಹೋದೆ.

ಇಮಾಮಸಾಬ ಪಡಸಾಲೆಯಲ್ಲಿ ಹತ್ತಿ ಹಿಂಜುತ್ತಿದ್ದ. ತೊಲೆಗೆ ತೂಗುಬಿಟ್ಟ ದೊಡ್ಡ ಬಿಲ್ಲು, ಅದರ ನರಕ್ಕೆ ಕೊಡತಿಯಿಂದ ಹೊಡೆದಾಗ ಡಂಯ್ ಡಂಯ್ ಸದ್ದು. ಹತ್ತಿ ನೊರೆಯ ಹಾಗೆ ಏಳುತ್ತಿತ್ತು. ನನ್ನನ್ನು ಕಂಡು ಬಿಲ್ಲು ನಿಲ್ಲಿಸಿ, ಹೊಸ ಗಾದಿಯೊಂದನ್ನು ಕೊಡವಿ ಹಾಸಿ, "ಕುಂಡ್ರಿ ಅಕ್ಕೋರ" ಎಂದ. ಮಗಳ ಶಾಲೆ ಬಿಡಿಸಬೇಡಿ ಎಂಬ ನನ್ನ ಮಾತೆಲ್ಲ ಕೇಳಿದ.

"ಅಕ್ಕೋರ, ನೀವು ನಮ್ಮ ಮನಿ ಮಟಾ ಬಂದೀರಿ. ನಿಮ್ಮ ಮಾತು ತಗದ ಹಾಕಾಕ ಬರೂದಿಲ್ಲ" ಎಂದ ಕೊನೆಗೆ. "ಆದ್ರ ನಾ ಓದಿಲ್ಲ, ಬರದಿಲ್ಲ. ಆಕಿಗೆ ಖರೇನ ವಿದ್ಯಾ ಹತ್ತತೈತೋ ಇಲ್ಲೋ ನನಗೇನ ತಿಳೀಬೇಕ್ರಿ? ಸಾಹೇಬ್ರು ಬರೂ ದಿನ ನಾನೂ ಬಂದು ನಿಂದರ್ತೀನಿ. ಅವರ ಮುಂದ ಆಕಿ ಒಂದ ಒಂದು ಉತ್ತರ ಹೇಳಲಿ. ಹೇಳಿದ್ಲಂದ್ರ, ತಂಗಿಗೆ ಬ್ಯಾರೆ ಯಾರನ್ನರ ಹುಡುಕ್ಕೋ ಅಂತೀನಿ. ಏಳನೆತ್ತದ ತನಕ ಕಳಸ್ತೀನಿ. ನಾಲಿಗಿ ಒಂದ ಐತ್ರಿ ನಂದು."

"ನಾ ಆಕಿನ್ನ ಮೊದಲ ಕೇಳ್ತೀನ್ರಿ" ಎಂದೆ.

ಒಳಗಿನಿಂದ ಮಾಬೂಬಿ ಇಣುಕಿ ನೋಡುತ್ತಿದ್ದಳು. ಅವಳ ಮುಖ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವಳಿಗಾಗಿಯೇ ನಾನು ಪರೀಕ್ಷಾ ಪಾಠಕ್ಕೆ 'ಹತ್ತಿ' ಎಂಬ ವಿಷಯ ಆರಿಸಿಕೊಂಡೆ. ಮೈಲುತುತ್ತ ಹಾಕಿದ ಅಂಟಿನಿಂದ ಹತ್ತಿಯ ಗಿಡ, ಕಾಯಿ, ಹೂವಿನ ದೊಡ್ಡ ಪಟ ಮಾಡಿದೆ. ಕೊನೆಯ ಪ್ರಶ್ನೆ: ಹತ್ತಿ ಹಿಂಜುವವರಿಗೆ ಏನೆನ್ನುತ್ತಾರೆ? ನಿರೀಕ್ಷಿತ ಉತ್ತರ: ಪಿಂಜಾರರು. ಬರೆದು ನಾನೇ ಖುಷಿಪಟ್ಟೆ.

ಪಾಠದ ಹಿಂದಿನ ಸಂಜೆ ವಿಮಲಾ ತನ್ನ ಉಪಾಯದ ಚೀಲ ಬಿಚ್ಚಿದಳು. "ಲೇ ಹುಚ್ಚಿ, ಪ್ರಶ್ನಿ ಕೇಳಿದಾಗ ನಾಕ ಮಂದಿ ಅಷ್ಟ ಕೈ ಎತ್ತಿದ್ರ ಸಾಹೇಬ್ರು ಗುಣ ಕೊಯ್ತಾರ. ಎಲ್ಲಾರೂ ಎತ್ತೂ ಹಂಗ ಮಾಡು. ಉತ್ತರ ಬಂದವರು ಬಲಗೈ, ಬರಲಾರದವರು ಎಡಗೈ. ಅವರಿಗೆ ಕಾಣೂದು ಬರೇ ಕೈ. ನೀ ಬಲಗೈ ನೋಡಿ ಕೇಳಿದ್ರಾತು." ವರ್ಷ ವರ್ಷ ಹಿಂದಿನವರು ಮುಂದಿನವರಿಗೆ ಕಲಿಸುತ್ತ ಬಂದ ಪಾಠವಂತೆ ಇದು. ನಮ್ಮ ಕಾಲೇಜಿನ ಯಾವ ಪುಸ್ತಕಕ್ಕಿಂತಲೂ ಹೆಚ್ಚು ಬಾಳಿಕೆ ಬಂದದ್ದು.

ಮರುದಿನ ಸಾಹೇಬರು ಬರುವುದಕ್ಕೆ ಹತ್ತು ನಿಮಿಷ ಮೊದಲು ಮಕ್ಕಳಿಗೆ ಹೇಳಿದೆ. ಬಲಗೈ ಎಂದರೆ ಅರ್ಧ ಜನ ಒಂದು ಕೈ ಎತ್ತಿದರು, ಅರ್ಧ ಜನ ಇನ್ನೊಂದು. ನಾನು ಎದುರು ನಿಂತು ಎತ್ತಿ ತೋರಿಸಿದರೆ ಇನ್ನಷ್ಟು ಗೊಂದಲ. ಆಗ ಥಟ್ಟನೆ ಹೊಳೆಯಿತು. "ಉಣ್ಣೂ ಕೈ ಯಾವುದು ಗೊತ್ತೈತಿಲ್ಲೋ? ಉತ್ತರ ಬಂದವರು ಉಣ್ಣೂ ಕೈ ಎತ್ರಿ. ಬರಲಾರದವರು ಇನ್ನೊಂದು ಕೈ ಎತ್ರಿ." ಮಕ್ಕಳು ನಕ್ಕರು. ಇದು ಎಲ್ಲರಿಗೂ ಗೊತ್ತಿತ್ತು. ತಿಳಿದುದರಿಂದ ತಿಳಿಯದುದರ ಕಡೆಗೆ! ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಸಾಹೇಬರ ಕುರ್ಚಿಗೆ ಹಾಕಲು ಹೆಡ್ ಮಾಸ್ತರರು ಇಮಾಮಸಾಬನಿಂದ ಒಂದು ಸಣ್ಣ ಮೆತ್ತೆ ಮಾಡಿಸಿದ್ದರು. ಅವನು ಅದನ್ನು ತಂದು ಹಾಕಿ, ಅಂಗಿ ಕೊಡವಿಕೊಂಡು, ಕಿಟಕಿಯ ಹೊರಗೆ ನಿಂತ. ಸಾಹೇಬರು ಮೆತ್ತೆಯ ಮೇಲೆ ಕೂತರು. ನಾನು ಪಟ ತೂಗುಹಾಕಿ ಮೊದಲ ಪ್ರಶ್ನೆ ಕೇಳಿದೆ. ಹತ್ತಿ ಬೆಳೆಯಲು ಎಂಥ ಮಣ್ಣು ಬೇಕು?

ವರ್ಗದ ಕೈಗಳೆಲ್ಲ ಮೇಲೆದ್ದವು. ಮಾಬೂಬಿಯ ಕಡೆ ನೋಡಿದೆ. ಅವಳು ಎತ್ತಿದ್ದು ಎಡಗೈ.

ಹೆದರಿಬಿಟ್ಟಿದ್ದಾಳೆ ಎಂದುಕೊಂಡೆ. ಬಲಗೈ ಎತ್ತಿದ್ದ ಒಬ್ಬ ಹುಡುಗನನ್ನು ಕೇಳಿದೆ. ಎರಡನೆಯ ಪ್ರಶ್ನೆಗೂ ಎಡಗೈ. ಮೂರನೆಯದಕ್ಕೂ. ಬರಬರುತ್ತ ಅವಳು ಅರ್ಧ ಎದ್ದು, ಆ ಕೈಯ ಮೊಣಕೈಯನ್ನು ಇನ್ನೊಂದು ಕೈಯಿಂದ ಹಿಡಿದೆತ್ತಿ, ಕಣ್ಣಲ್ಲೇ ನನ್ನನ್ನು ಕರೆಯುತ್ತಿದ್ದಳು. ಉತ್ತರ ಬಾರದವಳು ಇಷ್ಟು ಎತ್ತರ ಯಾಕೆ ಎತ್ತುತ್ತಾಳೆ ಎಂದು ಒಂದು ಕ್ಷಣ ಅನ್ನಿಸಿತು. ಪಿಂಜಾರನ ಮಗಳಿಗೆ ಹತ್ತಿ ಗೊತ್ತಿಲ್ಲವೇ ಎಂದೂ ಅನ್ನಿಸಿತು. ಆದರೆ ಸಾಹೇಬರ ಕೆಂಪು ಪೆನ್ನು ಓಡುತ್ತಿತ್ತು. ಕೇಳಿ, ಅವಳು ತಪ್ಪಿದರೆ? ನನ್ನ ಮೂವರು ತಂಗಿಯರು ಕಣ್ಣ ಮುಂದೆ ಬಂದರು. ಕೊನೆಯ ಪ್ರಶ್ನೆ, ಅವಳಿಗೆಂದೇ ಬರೆದಿಟ್ಟ ಪ್ರಶ್ನೆ, ಅದನ್ನೂ ಗೌಡರ ಮನೆಯ ಹುಡುಗಿಗೆ ಕೇಳಿದೆ. ಅವಳು "ಪಿಂಜಾರರು" ಎಂದಳು. ಖಾನೆ ತುಂಬಿತು.

ಸಾಹೇಬರು ಅಂಗಳದಲ್ಲಿ ಚಹಾ ಕುಡಿಯುತ್ತಿದ್ದಾಗ ಇಮಾಮಸಾಬ ನನ್ನ ಬಳಿ ಬಂದ. ದನಿ ಏರಿಸಲಿಲ್ಲ.

"ಎಲ್ಲಾ ಪ್ರಶ್ನಿಗೂ ಕೈ ಎತ್ತಿದ್ಲಲ್ರಿ ಅಕ್ಕೋರ ನನ್ನ ಮಗಳು. ನೀವು ಒಮ್ಮೆರ ಕೇಳಲಿಲ್ಲ."

ನಾನೇನು ಹೇಳಲಿ? ಎಡಗೈ ಎಂದರೆ ಬರುವುದಿಲ್ಲ ಎಂದರ್ಥ, ನಿನ್ನ ಮಗಳಿಗೆ ಏನೂ ಬರಲಿಲ್ಲ ಎನ್ನಲೇ? ಹತ್ತು ಹೆಜ್ಜೆ ಆಚೆ ಸಾಹೇಬರು ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದರು. ನಾನು ನೆಲ ನೋಡುತ್ತ ನಿಂತೆ.

"ಆತು ಬಿಡ್ರಿ" ಎಂದ. "ನಮ್ಮ ಹುಡುಗ್ರು ಕೈ ಎತ್ತಿದ್ರೂ ಕಾಣೂದಿಲ್ಲ ಅನ್ನೂದು ಈಗ ತಿಳೀತು."

ಮರುದಿನ ನಮ್ಮ ಬೀಳ್ಕೊಡುಗೆ. ಮಕ್ಕಳಿಗೆ ಚುರುಮುರಿ, ಬುಂದಿ ಹಂಚಿದೆವು. ಮಾಬೂಬಿ ಬಂದಿರಲಿಲ್ಲ. ಅವಳ ಪಾಲನ್ನು ಕಾಗದದಲ್ಲಿ ಕಟ್ಟಿಕೊಂಡು ಅವರ ಮನೆಗೆ ಹೋದೆ. ಬಿಲ್ಲು ಸುಮ್ಮನೆ ತೂಗಾಡುತ್ತಿತ್ತು. ಪಡಸಾಲೆಯ ಮೂಲೆಯಲ್ಲಿ ಮಾಬೂಬಿ ಗಂಗಾಳದ ಮುಂದೆ ಕೂತು ರೊಟ್ಟಿ ಪಲ್ಯ ಉಣ್ಣುತ್ತಿದ್ದಳು. ಎಡಗೈಯಿಂದ.

ನನ್ನನ್ನು ಕಂಡವಳೇ ಬೆಚ್ಚಿ, ಆ ಕೈಯನ್ನು ಬೆನ್ನ ಹಿಂದೆ ಮರೆಮಾಡಿ, ಬಲಗೈಯಿಂದ ರೊಟ್ಟಿ ಮುರಿಯಲು ಹೋದಳು. ಮುರಿಯಲು ಬರಲಿಲ್ಲ.

ನಾನು ಬಾಗಿಲಲ್ಲೇ ನಿಂತು ಕೇಳಿದೆ. "ಮಾಬೂಬಿ, ನಿನ್ನಿ ನೀ ಯಾಕ ಆ ಕೈ ಎತ್ತಿದಿ?"

"ನೀವ ಹೇಳಿದ್ರೆಲ್ರಿ ಅಕ್ಕೋರ" ಎಂದಳು. ಹಿಂದಿನ ಕೈಯನ್ನು ಮೆಲ್ಲಗೆ ಮುಂದೆ ತಂದು, ಅದಕ್ಕಂಟಿದ ಪಲ್ಯವನ್ನು ನೋಡುತ್ತ ಅಂದಳು, "ಉತ್ತರ ಬಂದವರು ಉಣ್ಣೂ ಕೈ ಎತ್ರಿ ಅಂತ. ನಾ ಉಣ್ಣೂ ಕೈ ಇದ ಐತ್ರಿ."

ಒಳಗಿನಿಂದ ಅಜ್ಜಿ ಹೇಳಿದಳು. "ಆಕಿ ಹುಟ್ಟಾ ಎಡಚಿ ಅದಾಳವ್ವ. ಶಾಲ್ಯಾಗ ಒಬ್ಬ ಮಾಸ್ತರ ಬೆತ್ತ ತಗೊಂಡು ಹೊಡದು ಹೊಡದು ಬಲಗೈಲೇ ಬರ್ಯಾಕ ಹಚ್ಚಿದ. ತಾಯಿ ಇಲ್ಲದ ಕೂಸು, ಉಣ್ಣೂದರ ಹೆಂಗರ ಉಣ್ಣಲಿ ಅಂತ ನಾವು ಬಿಟ್ವಿ."

ಬೇವಿನ ಮರದ ಕೆಳಗೆ ಒಂದು ದಿನ, ಒಂದೇ ಒಂದು ದಿನ ನಾನು ಅವಳ ಎದುರು ಕೂತಿದ್ದರೆ ಇದು ನನಗೆ ಗೊತ್ತಿರುತ್ತಿತ್ತು. ಇಮಾಮಸಾಬ ಹಿತ್ತಲಿಂದ ಬಂದಾಗ ಎಲ್ಲವನ್ನೂ ಹೇಳಿದೆ. ಬಲಗೈ ಎಡಗೈಯ ಮೋಸ, ಸಾಹೇಬರು, ಕೆಂಪು ಪೆನ್ನು, ನನ್ನ ಹೆದರಿಕೆ. ಹೇಳುತ್ತ ಅತ್ತೆ. ಅವನು ನಿಂತೇ ಕೇಳಿದ.

"ಹಂಗಂದ್ರ ಬರಲಾರದವರಿಗೂ ಕೈ ಎತ್ತಾಕ ಕಲಿಸಿದ್ರಿ" ಎಂದ ನಿಧಾನವಾಗಿ. "ಸಾಹೇಬ್ರ ಮೆತ್ತಿಯೊಳಗ ನಾನೂ ಹಳೇ ಹತ್ತಿ ತುಂಬಿ ಮ್ಯಾಲ ಹೊಸಾ ಗಲೀಪು ಹಾಕಬಹುದಿತ್ತರಿ. ಕುಂತವರಿಗೆ ಏನ ಕಾಣತಿತ್ತು? ನಾ ಹಾಕಲಿಲ್ಲ."

"ಈಗರ ಕಳಸ್ರಿ" ಎಂದು ಕೈ ಮುಗಿದೆ. "ತಪ್ಪು ನಂದು, ಆಕಿದಲ್ಲ."

"ಮುಂಜಾನೆ ಬಸ್ಸಿನ ಕಂಡಕ್ಟರನ ಕೈಯಾಗ ಮುಂಡರಗಿಗೆ ಖಬರ ಕಳಿಸಿಬಿಟ್ಟೇನ್ರಿ, ಪರೀಕ್ಷಾ ಮುಗದ ದಿನಾನ ಹುಡುಗಿ ಬರ್ತಾಳ ಅಂತ. ಇನ್ನ ತಂಗಿಗೆ ಇಲ್ಲ ಅನ್ನಾಕ ಬರೂದಿಲ್ಲ. ನಾಲಿಗಿ ಒಂದ ಐತಿ ಅಂದಿದ್ದೆ." ಬಿಲ್ಲಿನ ಕಡೆ ತಿರುಗುತ್ತ ಅಂದ, "ನಿನ್ನಿ ಕೇಳಿದಾಗ ಹೇಳಬೇಕಿತ್ತರಿ ಅಕ್ಕೋರ. ನಿನ್ನಿ ಒಂದು ದಾರಿ ಇತ್ತು."

ನಿನ್ನೆ ಸಾಹೇಬರು ಚಹಾ ಕುಡಿಯುತ್ತಿದ್ದರು. ಆ ಒಂದು ಕಪ್ ಚಹಾ ಮುಗಿಯುವವರೆಗಿನ ನನ್ನ ಮೌನದ ಬೆಲೆಯನ್ನು ಆ ಹುಡುಗಿ ಕೊಟ್ಟಳು. ಹೊರಡುವಾಗ ಮಾಬೂಬಿ ಅಂಗಳದವರೆಗೆ ಬಂದು, ಬುಂದಿಯ ಪೊಟ್ಟಣವನ್ನು ಎದೆಗೊತ್ತಿಕೊಂಡು, ಮೆಲ್ಲಗೆ ಅಂದಳು. "ಅಕ್ಕೋರ, ನನಗ ಎಲ್ಲಾ ಬರ್ತಿತ್ತರಿ. ಎರಿ ಮಣ್ಣು ಅಂತ ಹೇಳಾಕಿ ಇದ್ದೆ." ಅವಳ ತಲೆ ಸವರಿ ಬಸ್ಸಿನ ದಾರಿ ಹಿಡಿದೆ. ಕೈಗೆ ಹತ್ತಿಯ ಎಳೆ ಅಂಟಿತ್ತು.

ಗದಗಿಗೆ ಹೋಗಿ ಪ್ರಾಚಾರ್ಯರ ಮುಂದೆ ನಿಂತು ನಾನು ಮೋಸ ಮಾಡಿದೆ ಎಂದು ಹೇಳಿದೆನೇ? ಇಲ್ಲ. ಪಾಠಯೋಜನೆಯ ಕೊನೆಗೆ ಸಾಹೇಬರು ಬರೆದಿದ್ದ ಕೆಂಪು ಅಕ್ಷರ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ: ಇಡೀ ವರ್ಗ ಚುರುಕಾಗಿದೆ, ಎಲ್ಲ ಮಕ್ಕಳೂ ಕೈ ಎತ್ತಿದರು. ಪಾಸಾದೆ. ನೌಕರಿಯೂ ಬಂತು, ಹಿರೇವಡ್ಡಟ್ಟಿಯಲ್ಲಿ. ತಂಗಿಯರು ದಂಡೆ ಹತ್ತಿದರು. ಮುಂಡರಗಿಗೆ ಸಂತೆಗೆ ಹೋದಾಗಲೆಲ್ಲ ವಿಚಾರಿಸಿ, ಕೊನೆಗೊಮ್ಮೆ ಮಾಬೂಬಿಯ ಅತ್ತೆಯ ಮನೆ ಹುಡುಕಿ ತೆಗೆದೆ. "ಆಕೀನ್ನ ಹೊಳಿ ಆಚೀಕಡೆ ಕೊಟ್ಟು ವರ್ಷಾತ್ರಿ" ಎಂದಳು ಆಕೆ. "ಭಾಳ ಶ್ಯಾಣ್ಯಾಕಿ ಇದ್ಲರಿ. ನನ್ನ ಮಕ್ಕಳಿಗೆಲ್ಲಾ ಮಗ್ಗಿ ಕಲಿಸಿದಾಕಿ ಆಕೀನ." ಯಾವ ಊರು ಎಂದು ಕೇಳಿ ಬರೆದುಕೊಂಡೆ. ಹೋಗುವ ಧೈರ್ಯ ಬರಲಿಲ್ಲ.

ನೌಕರಿಯ ಮೊದಲ ದಿನದಿಂದಲೂ ಮಧ್ಯಾಹ್ನದ ಬುತ್ತಿಯನ್ನು ನಾನು ಮಕ್ಕಳ ಸಾಲಿನಲ್ಲಿಯೇ ಬಿಚ್ಚುತ್ತೇನೆ. ಮೊದಮೊದಲು ಊರವರು ಬೆರಗಾದರು, ಆಮೇಲೆ ಮರೆತರು. ಯಾರು ಯಾವ ಕೈಯಲ್ಲಿ ಉಣ್ಣುತ್ತಾರೆ, ಯಾರು ಅರ್ಧ ಉಂಡು ಅರ್ಧವನ್ನು ತಮ್ಮನಿಗೆ ಕಟ್ಟಿಕೊಳ್ಳುತ್ತಾರೆ, ಯಾರು ಯಾರ ಪಕ್ಕ ಕೂರುವುದಿಲ್ಲ, ಎಲ್ಲ ಅಲ್ಲಿ ಕಾಣುತ್ತದೆ. ಪಾಠಯೋಜನೆಯ ಯಾವ ಖಾನೆಯಲ್ಲಿಯೂ ಕಾಣುವುದಿಲ್ಲ.

"ಅಕ್ಕೋರ, ನಿಮ್ಮ ಹಾಳಿ ಒಂದ ಉಳದೈತ್ರಿ" ಎಂದು ತರಬೇತಿಯ ಹಜಾರದಲ್ಲಿ ಯಾರೋ ಅಂದಾಗ ಎಚ್ಚೆತ್ತೆ. ಐದು ಗೆರೆಗಳಲ್ಲಿ ಮೊದಲನೆಯದರ ಮೇಲೆ ಬರೆದೆ: ಮಕ್ಕಳ ಜೊತೆ ಕೂತು ಉಣ್ಣುವುದು. ಉಳಿದ ನಾಲ್ಕು ಗೆರೆ ಖಾಲಿ ಬಿಟ್ಟು ಕೊಟ್ಟೆ.

ತರಬೇತಿ ನಡೆಸುತ್ತಿದ್ದ ಸಾಹೇಬರು ವಯಸ್ಸಿನಲ್ಲಿ ನನಗಿಂತ ಸಣ್ಣವರು, ಮಾತಿನಲ್ಲಿ ಉತ್ಸಾಹಿ. ಹಾಳೆಗಳನ್ನು ಒಂದೊಂದಾಗಿ ಓದುತ್ತ ಬಂದವರು ನನ್ನದಕ್ಕೆ ನಿಂತು ನಕ್ಕರು. ಕೆಟ್ಟ ನಗುವಲ್ಲ. "ಮಕ್ಕಳ ಜೋಡಿ ಕುಂತು ಉಣ್ಣೂದು! ಇದಕ್ಕೂ ಟ್ರೇನಿಂಗ್ ಬೇಕೇನ್ರಿ?" ಎಂದು ಸಭೆಯ ಕಡೆ ತಿರುಗಿದರು. "ಇದು ಯಾವ ಮಾಸ್ತರಿಗೆ ಬರೂದಿಲ್ಲ ಹೇಳ್ರಿ? ಎಲ್ಲಿ, ಬರೂವವರು ಕೈ ಎತ್ರಿ ನೋಡೂಣು."

ಹಜಾರದ ತುಂಬ ಕೈಗಳು ಎದ್ದವು. ಪಕ್ಕದ ಕೋಣೆಯಿಂದ ಅಂಟಿನ ವಾಸನೆ ಇನ್ನೂ ಬರುತ್ತಿತ್ತು.

"ನೋಡಿದ್ರೆಲ್ಲೋ, ಎಲ್ಲಾರಿಗೂ ಬರತೈತಿ" ಎಂದರು ಸಾಹೇಬರು. ಹೌದು, ಅವರಿಗೆ ಕಂಡದ್ದು ಬರೀ ಕೈಗಳು. ನಾನೂ ಎತ್ತಿದ್ದೆ, ಎಡಗೈ.